ಕಂಬಳಿಯ ಬಣ್ಣ, ಕಿಣ್ವದ ಮಿತಿ

ನೌಕರಿಯ ನಿಮಿತ್ತ ಭೋರ್‌ನಲ್ಲಿ ನೆಲೆಸಿರುವ ನಾವು, ಮಳೆಗಾಲ ಮುಗಿಯುತ್ತಲೇ ಕೊಂಕಣದತ್ತ ಘಟ್ಟ ಇಳಿಯುವ ಧನಗರರ ಕುರಿಹಿಂಡುಗಳನ್ನು ಕಾಣುತ್ತೇವೆ. ಅವರ ಹೆಗಲ ಮೇಲಿನ ಘೊಂಗಡಿ ನಮ್ಮ ಕುರುಬರ ಕಂಬಳಿಯ ಒಡಹುಟ್ಟು. ಎರಡೂ ದಖನಿ ಕುರಿಯ ಒರಟು ಉಣ್ಣೆ. ಮೆದುವಾದ ಬಣ್ಣದ ಬಟ್ಟೆಗೇ ಗಿರಾಕಿಯಿರುವ ಈ ಕಾಲದಲ್ಲಿ ಆ ಉಣ್ಣೆಗೆ ತಕ್ಕ ಬೆಲೆಯಿಲ್ಲ. ಕಪ್ಪಿನ ಮೇಲೆ ಬೇರೆ ಬಣ್ಣ ಕಾಣದು, ನಿಜ. ಬಿಳಿ, ಬೂದು ಉಣ್ಣೆಯನ್ನು ಬೇರ್ಪಡಿಸಿದರೆ ಕಿಣ್ವಗಳು ನೆರವಾಗಬಲ್ಲವು. ಆದರೆ ಆ ನೆರವಿಗೊಂದು ಮಿತಿಯುಂಟು.

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತಹ ಪದರಗಳಿವೆ; ಅವುಗಳ ಹೊರಮೈಯಲ್ಲಿ ನೀರನ್ನು ದೂರವಿಡುವ ಕೊಬ್ಬಿನ ಲೇಪವಿದೆ. ಬಣ್ಣ ಒಳಹೊಗಲೆಂದು ಉಣ್ಣೆಯನ್ನು ಕುದಿಯುವ ನೀರಿನಲ್ಲಿ ಬೇಯಿಸುವುದು ರೂಢಿ. ಲೇಪವನ್ನು ಮೊದಲು ಸಡಿಲಿಸಿ, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಕಿಣ್ವವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಬಿಟ್ಟರೆ ಹುರುಪೆ ಸವೆಯುತ್ತದೆ. ಆಗ ಬಣ್ಣ ಕಡಿಮೆ ಶಾಖದಲ್ಲೇ ಬೇಗ ಹಿಡಿಯುತ್ತದೆ, ಸೌದೆ ಉಳಿಯುತ್ತದೆ. ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಇಂತಹುದೇ ಒಂದು ಕಿಣ್ವ.

ರೇಷ್ಮೆಯಲ್ಲಿ ಈ ಕೆಲಸ ಸಲೀಸು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಒಳಗಿರುವುದು ಫೈಬ್ರಾಯಿನ್ ಎಂಬ ಗಟ್ಟಿ ಎಳೆ. ಕಿಣ್ವಕ್ಕೆ ಅಂಟು ಸುಲಭದ ತುತ್ತು, ಎಳೆ ಕಠಿಣ. ಉಣ್ಣೆಯಲ್ಲಿಯಾದರೋ ಸವೆಯಬೇಕಾದ ಹುರುಪೆಯೂ ಉಳಿಯಬೇಕಾದ ತಿರುಳೂ ಕೆರಾಟಿನ್ನಿನವೇ. ಹುರುಪೆಗಳ ಸಂದಿಯಿಂದ ಒಳಹೊಕ್ಕ ಕಿಣ್ವ ತಿರುಳನ್ನೂ ತಿನ್ನತೊಡಗುತ್ತದೆ. ತೂಕ ಇಳಿಯುತ್ತದೆ, ಎಳೆ ಸೊರಗುತ್ತದೆ.

ಇಲ್ಲಿಯೇ ಕಣ್ಣು ಮೋಸಹೋಗುತ್ತದೆ. ಹದಗೆಟ್ಟ ಎಳೆಯೂ ಬಣ್ಣವನ್ನು ಚೆನ್ನಾಗಿಯೇ ಕುಡಿಯುತ್ತದೆ. ಗಾಢವಾದ ಬಣ್ಣವನ್ನು ಕಂಡು ಯಶಸ್ಸೆಂದು ಬೀಗಿದವನ ಕಂಬಳಿ ಒಂದೆರಡು ಚಳಿಗಾಲಕ್ಕೇ ಜೂಲಾದೀತು. ‘ನೈಸರ್ಗಿಕ, ಆದ್ದರಿಂದ ನಿರಪಾಯ’ ಎಂಬ ಮಾತನ್ನು ನಾವು ಒಪ್ಪಲಾರೆವು. ನಿಸರ್ಗದಲ್ಲಿ ಇಂತಹ ಕಿಣ್ವದ ಕೆಲಸವೇ ಪ್ರೋಟೀನನ್ನು ಕತ್ತರಿಸುವುದು.

ಹಾಗೆಂದು ಇದನ್ನು ದೊಡ್ಡ ಗಿರಣಿಗಳಿಗೇ ಬಿಟ್ಟುಕೊಡಬೇಕೆಂದಲ್ಲ. ರೇಷ್ಮೆಗೆ ಬೆಂಗಳೂರಿನಲ್ಲಿ, ಉಣ್ಣೆಗೆ ಜೋಧ್‌ಪುರದಲ್ಲಿ ಕೇಂದ್ರದ ಮಂಡಳಿಗಳಿವೆ. ಕಿಣ್ವ ಎಷ್ಟು, ಶಾಖ ಎಷ್ಟು, ಎಷ್ಟು ಹೊತ್ತು, ಅದನ್ನು ನಿಲ್ಲಿಸುವ ಬಗೆ ಯಾವುದು ಎಂಬುದನ್ನು ದಖನಿ ಉಣ್ಣೆಯ ಮೇಲೆಯೇ ಪರೀಕ್ಷಿಸಿ, ಕನ್ನಡ ಮರಾಠಿಗಳಲ್ಲಿ ಬರೆದು ನೇಕಾರರ ಕೈಗೆ ಕೊಡಬೇಕು. ಜೊತೆಗೊಂದು ತಕ್ಕಡಿಯೂ ಇರಲಿ. ಬಣ್ಣಕ್ಕೆ ಮುನ್ನವೂ ಅನಂತರವೂ ನೂಲನ್ನು ತೂಗಿ, ಎಳೆದು ನೋಡುವ ಅಭ್ಯಾಸ ಬೆಳೆಯಲಿ. ಕಂಬಳಿ ಮೊದಲು ಚಳಿ ತಡೆಯಬೇಕು, ಅಂದ ಆಮೇಲಿನದು.