‘ಡಿಡ್ ಯೂ ಸಾ?’ ಎಂದು ಕೇಳಿದ ಹುಡುಗ ದಡ್ಡನಲ್ಲ!



ಒಬ್ಬ ಹುಡುಗನ ಕಥೆ ಹೇಳುತ್ತೇನೆ, ಸ್ವಲ್ಪ ಕೇಳಿ. ನನಗೆ ಚೆನ್ನಾಗಿ ಗೊತ್ತಿರುವ ಮನೆಯ ಹುಡುಗ. ಓದಿದ್ದು ಹಳ್ಳಿಯ ಸರ್ಕಾರಿ ಶಾಲೆ, ಆಮೇಲೆ ತಾಲ್ಲೂಕಿನಲ್ಲಿ ಐಟಿಐ. ಮೋಟಾರಿನ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲ. ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದ. ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ತಕ್ಕ ಉತ್ತರ ಕೊಟ್ಟ. ತನ್ನ ಫೈಲು ಮೇಜಿನ ಮೇಲೆ ಬಿಚ್ಚದೆ ಬಿದ್ದಿದ್ದನ್ನು ಕಂಡು, ಧೈರ್ಯ ಮಾಡಿ ಕೇಳಿದ: ‘ಸರ್, ಡಿಡ್ ಯೂ ಸಾ ಮೈ ಸರ್ಟಿಫಿಕೇಟ್ಸ್?’

ಎದುರಿಗೆ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅಲ್ಲಿಗೆ ಮುಗಿಯಿತು. ಆಮೇಲೆ ಹುಡುಗನ ಬಾಯಿಂದ ಮಾತೇ ಹೊರಡಲಿಲ್ಲ. ಕೆಲಸವೂ ಸಿಗಲಿಲ್ಲ. ಊರಿಗೆ ಬಂದವನು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: ‘ನಾನು ದಡ್ಡ ಅಣ್ಣಾ. ಹತ್ತು ವರ್ಷ ಇಂಗ್ಲಿಷ್ ಓದಿ ಒಂದು ಪ್ರಶ್ನೆ ಕೇಳೋಕೆ ಬರಲಿಲ್ಲ.’

ನಕ್ಕವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ‘ನಾನು ದಡ್ಡ’ ಎಂಬ ಆ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು. ಅವನು ದಡ್ಡನಲ್ಲ ಬಂಧುಗಳೇ! ಅವನು ಮಾಡಿದ ತಪ್ಪಿಗೆ ಒಂದು ಕಾರಣವಿದೆ. ಆ ಕಾರಣವನ್ನು ಅವನಿಗೆ ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಲಿಲ್ಲ, ಅಷ್ಟೇ.

ಕನ್ನಡದಲ್ಲಿ ನಾವು ಪ್ರಶ್ನೆ ಕೇಳುವುದು ಹೇಗೆ? ‘ನೋಡಿದಿರಿ’ ಎಂಬುದರ ಬಾಲಕ್ಕೆ ಒಂದು ‘ಆ’ ಅಂಟಿಸಿದರೆ ‘ನೋಡಿದಿರಾ?’ ಆಯಿತು. ಒಳಗಿರುವ ಭೂತಕಾಲವನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಹುಡುಗನೂ ಅದನ್ನೇ ಮಾಡಿದ. ‘ಸಾ’ ಎಂಬ ಭೂತಕಾಲದ ರೂಪವನ್ನು ಹಾಗೇ ಉಳಿಸಿಕೊಂಡ. ‘ಡಿಡ್’ ಎಂದರೆ ನಮ್ಮ ‘ಆ’ ಇದ್ದ ಹಾಗೆ ಎಂದುಕೊಂಡು ಸೇರಿಸಿದ. ಆದರೆ ಇಂಗ್ಲಿಷಿನ ‘ಡಿಡ್’ ಬರೀ ಪ್ರಶ್ನೆಯ ಗುರುತಲ್ಲ. ಭೂತಕಾಲದ ಮೂಟೆಯನ್ನು ತಾನೇ ಹೊತ್ತು ಬರುತ್ತದೆ. ಮೂಟೆ ಒಬ್ಬನ ತಲೆಗೆ ಏರಿದ ಮೇಲೆ ಇನ್ನೊಬ್ಬ ಬರಿಗೈ. ಹಾಗಾಗಿ ‘ಡಿಡ್ ಯೂ ಸೀ’, ‘ಡಿಡ್ ಯೂ ಗೋ’, ‘ಡಿಡ್ ಯೂ ಈಟ್’.

ಇದೇನು ವಿಚಿತ್ರ ಎನ್ನಬೇಡಿ. ನಾವೂ ಇದನ್ನೇ ಮಾಡುತ್ತೇವೆ, ‘ಇಲ್ಲ’ ಎನ್ನುವಾಗ! ಬಂದರೆ ‘ಬಂದನು’. ಬಾರದಿದ್ದರೆ? ‘ಬರಲಿಲ್ಲ’. ‘ಬಂದಲಿಲ್ಲ’ ಎಂದು ಯಾರಾದರೂ ಹೇಳುತ್ತಾರೆಯೇ? ‘ಬಂದ’ ಹೋಗಿ ‘ಬರ’ ಆಯಿತು. ಕಾಲದ ಮೂಟೆ ‘ಲಿಲ್ಲ’ದ ತಲೆಗೆ ಹೋಯಿತು. ನಾವು ನಿಷೇಧದಲ್ಲಿ ಮಾಡುವುದನ್ನು ಇಂಗ್ಲಿಷಿನವರು ಪ್ರಶ್ನೆಯಲ್ಲೂ ಮಾಡುತ್ತಾರೆ. ‘ಡಿಡ್ ಯೂ ಸಾ’ ಎಂದರೆ ಅವರ ಕಿವಿಗೆ ‘ನೋಡಿದಲಿಲ್ಲ’ ಎಂದ ಹಾಗೆ ಕೇಳಿಸುತ್ತದೆ. ಈ ಒಂದು ಮಾತನ್ನು ಐದನೇ ತರಗತಿಯಲ್ಲಿ ಹೇಳಿಕೊಟ್ಟಿದ್ದರೆ ಆ ಹುಡುಗ ಜನ್ಮದಲ್ಲಿ ಮರೆಯುತ್ತಿದ್ದನೇ?

ಬೀಗದ ಕೈ ನಮ್ಮ ಮನೆಯಲ್ಲೇ ಇದೆ

ಈಗ ಇನ್ನೊಂದು ಕಗ್ಗಂಟು. ‘ಡಿಡ್ ಯೂ’ ಎನ್ನಬೇಕೋ, ‘ಹ್ಯಾವ್ ಯೂ’ ಎನ್ನಬೇಕೋ? ಪದವೀಧರರೂ ಇಲ್ಲಿ ತಡವರಿಸುತ್ತಾರೆ. ಪಾಠದಲ್ಲಿ ‘ಸಿಂಪಲ್ ಪಾಸ್ಟ್’, ‘ಪ್ರೆಸೆಂಟ್ ಪರ್ಫೆಕ್ಟ್’ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಆದರೆ ಇದರ ಬೀಗದ ಕೈಯೂ ನಮ್ಮ ‘ಇಲ್ಲ’ದಲ್ಲೇ ಇದೆ.

ನಮ್ಮಲ್ಲಿ ‘ಬರಲಿಲ್ಲ’ ಬೇರೆ, ‘ಬಂದಿಲ್ಲ’ ಬೇರೆ. ‘ನಿನ್ನೆ ಬಸ್ಸು ಬರಲಿಲ್ಲ’ ಎಂದರೆ ಆ ಕಥೆ ಮುಗಿಯಿತು. ‘ಬಸ್ಸು ಇನ್ನೂ ಬಂದಿಲ್ಲ’ ಎಂದರೆ ನಾವು ಈಗಲೂ ಕಾಯುತ್ತಿದ್ದೇವೆ. ಮೊದಲನೆಯದು ‘ಡಿಡ್’, ಎರಡನೆಯದು ‘ಹ್ಯಾವ್’ ಅಥವಾ ‘ಹ್ಯಾಸ್’. ಹಾಗಾಗಿ ಪ್ರಶ್ನೆ ಕೇಳುವ ಮೊದಲು, ಅದಕ್ಕೆ ಬರಬಹುದಾದ ‘ಇಲ್ಲ’ ಎಂಬ ಉತ್ತರವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ.

‘ಊಟ ಮಾಡಿದಿರಾ?’ ಉತ್ತರ: ‘ಇನ್ನೂ ಮಾಡಿಲ್ಲ’. ಹಾಗಾದರೆ ‘ಹ್ಯಾವ್ ಯೂ ಈಟನ್?’

‘ನಿನ್ನೆ ರಾತ್ರಿ ಊಟ ಮಾಡಿದಿರಾ?’ ಉತ್ತರ: ‘ಮಾಡಲಿಲ್ಲ’. ಹಾಗಾದರೆ ‘ಡಿಡ್ ಯೂ ಈಟ್ ಲಾಸ್ಟ್ ನೈಟ್?’

‘ಎಂದಾದರೂ ಹಂಪಿ ನೋಡಿದ್ದೀರಾ?’ ಉತ್ತರ: ‘ಇದುವರೆಗೂ ನೋಡಿಲ್ಲ’. ಹಾಗಾದರೆ ‘ಹ್ಯಾವ್ ಯೂ ಎವರ್ ಸೀನ್ ಹಂಪಿ?’

ನೋಡಿ, ಮೊದಲ ಎರಡು ಪ್ರಶ್ನೆಗಳಲ್ಲೂ ಕನ್ನಡದಲ್ಲಿ ‘ಮಾಡಿದಿರಾ’ ಒಂದೇ. ಬೇರೆ ಬೇರೆ ಆದದ್ದು ಉತ್ತರದ ‘ಇಲ್ಲ’ದಲ್ಲಿ. ಅದಕ್ಕೇ ನಮ್ಮವರಿಗೆ ಗೊಂದಲ, ಅಲ್ಲೇ ಪರಿಹಾರ!

ಮೂರು ಕಡೆ ಎಚ್ಚರ ಬೇಕು. ಒಂದು: ‘ನಿನ್ನೆಯೇ ಅರ್ಜಿ ಕೊಟ್ಟಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್’ ಸಲ್ಲದು. ‘ಐ ಗೇವ್’ ಎನ್ನಬೇಕು. ನಿನ್ನೆ, ಹೋದ ವಾರ, 2019ರಲ್ಲಿ, ಹೀಗೆ ಕಳೆದುಹೋದ ಹೊತ್ತನ್ನು ಹೆಸರಿಸಿದರೆ ಪ್ರಶ್ನೆಗೆ ‘ಡಿಡ್’ ಒಂದೇ ದಾರಿ. ‘ಯಾವಾಗ’ ಎಂದು ಕೇಳಿದರೂ ಅಷ್ಟೇ: ‘ವೆನ್ ಡಿಡ್ ಯೂ ಕಮ್?’ ಎರಡು: ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವ ನಾವು ಇಂಗ್ಲಿಷಿನಲ್ಲೂ ‘ಹ್ಯಾಡ್ ಗಾನ್’ ಎಂದುಬಿಡುತ್ತೇವೆ. ಅಲ್ಲಿ ‘ಐ ವೆಂಟ್’ ಸಾಕು. ‘ಹ್ಯಾಡ್’ ಬೇಕಾಗುವುದು ಹಿಂದಿನ ಒಂದು ಘಟನೆಗಿಂತಲೂ ಹಿಂದೆ ನಡೆದದ್ದನ್ನು ಹೇಳುವಾಗ: ನಾನು ನಿಲ್ದಾಣಕ್ಕೆ ಹೋಗುವ ಹೊತ್ತಿಗೆ ರೈಲು ಹೊರಟುಹೋಗಿತ್ತು ಎನ್ನುವಾಗ. ಮೂರು: ‘ಎಷ್ಟು ವರ್ಷದಿಂದ ಕೆಲಸ ಮಾಡ್ತಾ ಇದ್ದೀರಿ?’ ನಮ್ಮದು ವರ್ತಮಾನಕಾಲ. ಅವರು ‘ಹೌ ಲಾಂಗ್ ಹ್ಯಾವ್ ಯೂ ಬೀನ್ ವರ್ಕಿಂಗ್?’ ಎನ್ನುತ್ತಾರೆ.

ಇಷ್ಟೇ ಸ್ವಾಮಿ! ಒಂದು ಸಂಜೆಯ ಪಾಠ.

ನಗುವವರಿಗೂ ಒಂದು ಮಾತು

ನಕ್ಕ ಮಹಾಶಯರು ಇದನ್ನೂ ತಿಳಿದಿರಲಿ. ‘ಊಟ ಆಯ್ತಾ’ ಎನ್ನುವುದಕ್ಕೆ ಇಂಗ್ಲೆಂಡಿನವರು ‘ಹ್ಯಾವ್ ಯೂ ಈಟನ್ ಯೆಟ್’ ಎಂದರೆ, ಅಮೆರಿಕದವರು ‘ಡಿಡ್ ಯೂ ಈಟ್ ಯೆಟ್’ ಎಂದೂ ಸಲೀಸಾಗಿ ಕೇಳುತ್ತಾರೆ. ಷೇಕ್ಸ್‌ಪಿಯರನ ಕಾಲದಲ್ಲಿ ‘ಡಿಡ್’ ಇಲ್ಲದೆ, ಕ್ರಿಯಾಪದವನ್ನೇ ಮುಂದೆ ತಂದು ಪ್ರಶ್ನೆ ಕೇಳುವುದೂ ವಾಡಿಕೆಯಲ್ಲಿತ್ತು. ಅವರ ಭಾಷೆ ದೇಶಕ್ಕೊಂದು, ಕಾಲಕ್ಕೊಂದು ರೀತಿ ಬದಲಾಗಬಹುದು. ನಮ್ಮ ಹುಡುಗನ ಒಂದು ಅಕ್ಷರ ತಪ್ಪಿದರೆ ಅವನ ಕೈಯ ಕಸುಬೇ ಸುಳ್ಳಾಗಬೇಕೆ? ಮೋಟಾರು ರಿಪೇರಿ ಮಾಡುವವನಿಗೆ ಬೇಕಾದದ್ದು ‘ಸೀ’ಯೋ, ‘ಸಾ’ವೋ, ಸ್ಪ್ಯಾನರ್ರೋ?

ಹಾಗೆಂದು ಇಂಗ್ಲಿಷ್ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಕಲಿಯಿರಿ, ತಪ್ಪಿಲ್ಲದೆ ಕಲಿಯಿರಿ. ಆದರೆ ಕನ್ನಡದ ಮೂಲಕ ಕಲಿಯಿರಿ! 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಬಂತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಮಾಧ್ಯಮ ಬದಲಾಯಿಸಿದರೆ ಭಾಷೆ ತಾನಾಗಿಯೇ ಬರುತ್ತದೆ ಎಂಬ ಭ್ರಮೆ ಇದು. ಮಗುವಿಗೆ ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಕೈಹಿಡಿದು ನಡೆಸಬೇಕಲ್ಲವೇ? ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಖಾಸಗಿ ಶಾಲೆಗಳು ಮಗುವಿಗೆ ಗೊತ್ತಿರುವುದನ್ನೇ ಬಾಗಿಲಾಚೆ ನಿಲ್ಲಿಸುತ್ತವೆ.

ಜರ್ಮನಿಯಿಂದ ಬಂದ ಕಿಟೆಲ್ ಅವರನ್ನು ನೆನೆಯಿರಿ. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲೇ ಬರೆದು ಪ್ರಕಟಿಸಿದರು. ಇಂಗ್ಲಿಷ್ ಬಲ್ಲವನು ಕನ್ನಡ ಕಲಿಯಲು ಇಂಗ್ಲಿಷಿನ ವ್ಯಾಕರಣ ಬೇಕು ಎಂದಾದರೆ, ಕನ್ನಡದ ಮಗು ಇಂಗ್ಲಿಷ್ ಕಲಿಯಲು ಕನ್ನಡದ ವಿವರಣೆ ಬೇಡವೇ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಕನ್ನಡದ ಕ್ರಿಯಾರೂಪಗಳನ್ನು ಪಕ್ಕದಲ್ಲಿಟ್ಟು ತೋರಿಸಲಿ. ಮೇಷ್ಟ್ರಿಗೆ ಹಾಗೆ ಪಾಠ ಮಾಡುವ ತರಬೇತಿ ಕೊಡಲಿ. ಸಂದರ್ಶನದಲ್ಲಿ ಕೆಲಸದ ಪರೀಕ್ಷೆಯನ್ನು ಕನ್ನಡದಲ್ಲೂ ಮಾಡಲಿ. ಸರ್ಕಾರ ಮಾಡುವ ತನಕ ನೀವು ಕಾಯಬೇಡಿ. ನಿಮ್ಮೂರ ಯುವಕ ಸಂಘದಲ್ಲಿ ವಾರಕ್ಕೊಂದು ಸಂಜೆ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ‘ಬರಲಿಲ್ಲ, ಬಂದಿಲ್ಲ’ ಹೇಳಿಕೊಡಿ.

ನಾನು ಆ ಹುಡುಗನಿಗೆ ಹೇಳಿಕೊಟ್ಟೆ. ಅವನ ಫೈಲು ಆ ದಿನ ಮೇಜಿನ ಮೇಲೇ ಇತ್ತು. ‘ಇನ್ನೂ ನೋಡಿಲ್ಲ’ ಎಂಬ ಉತ್ತರ ಬರಬಹುದಾದ ಪ್ರಶ್ನೆ ಅದು. ಸ್ವಲ್ಪ ಹೊತ್ತು ಯೋಚಿಸಿ ತಾನೇ ಹೇಳಿದ: ‘ಹ್ಯಾವ್ ಯೂ ಸೀನ್ ಮೈ ಸರ್ಟಿಫಿಕೇಟ್ಸ್?’ ಆಮೇಲೆ ಕೇಳಿದ: ‘ಇಷ್ಟೇನಾ ಅಣ್ಣಾ? ಇದನ್ನ ಶಾಲೇಲಿ ಯಾಕೆ ಹೇಳಲಿಲ್ಲ?’

ಉತ್ತರ ಕೊಡಬೇಕಾದವರು ಯಾರು ಬಂಧುಗಳೇ? ನೀವೇ ಹೇಳಿ.