ಗುರಿ, ಅಳತೆ ಮತ್ತು ಕಾಯಕ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಗಳಲ್ಲಿ ಮುಂಜಾನೆಯ ಇಷ್ಟಲಿಂಗಪೂಜೆ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೊರಡುವ ತರುಣರಿಗೆ ‘ಅಜೈಲ್’, ‘ಸ್ಪ್ರಿಂಟ್’, ‘ಕೆಪಿಐ’ ಎಂಬುವು ನಿತ್ಯದ ಮಾತು. ವರ್ಷದ ಗುರಿಯನ್ನು ಏಪ್ರಿಲ್‌ನಲ್ಲೇ ಬರೆದಿಡಬೇಕು. ಸಾಧನೆಯನ್ನು ಅಂಕಿಗಳಲ್ಲಿ ತೋರಿಸಬೇಕು. ಕೆಲಸದ ದಾರಿಯನ್ನು ಮಾತ್ರ ಎರಡು ವಾರಕ್ಕೊಮ್ಮೆ ತಿದ್ದಿಕೊಳ್ಳುತ್ತಿರಬೇಕು. ಈ ಮೂರೂ ಒಂದಕ್ಕೊಂದು ಹೊಂದುವುವೇ ಎಂಬ ಪ್ರಶ್ನೆ ಸಹಜವಾದುದು. ಹೊಂದುತ್ತವೆ, ಆದರೆ ಅಳತೆಯು ಕಾಯಕಕ್ಕೆ ಸಲ್ಲಬೇಕೇ ಹೊರತು ಕಾಯಕಜೀವಿಯನ್ನು ತೂಗುವುದಕ್ಕಲ್ಲ.

ಈ ತರುಣರಲ್ಲಿ ಅನೇಕರು ಏರುವ ಮೆಟ್ರೋ ಹಳದಿ ಮಾರ್ಗವೇ ಇದಕ್ಕೊಂದು ದೃಷ್ಟಾಂತ. ಆರ್.ವಿ. ರಸ್ತೆಯಿಂದ ಬಿಟಿಎಂ ಬಡಾವಣೆ, ಎಲೆಕ್ಟ್ರಾನಿಕ್ ಸಿಟಿಗಳನ್ನು ಹಾಯ್ದು ಬೊಮ್ಮಸಂದ್ರ ಮುಟ್ಟುವ ಈ 19 ಕಿಲೋಮೀಟರಿನ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಹಳಿ, ನಿಲ್ದಾಣಗಳು ಸಿದ್ಧವಾದ ಮೇಲೂ ರೈಲುಗಳಿಗಾಗಿ ಕಾಯಬೇಕಾಯಿತು. ಕಿಲೋಮೀಟರುಗಳನ್ನು ಎಣಿಸುವವರಿಗೆ ಕೆಲಸ ಮುಗಿದಂತೆಯೇ. ಪ್ರಯಾಣಿಕನ ಪಾಲಿಗೆ ಅದು ಆರಂಭವೇ ಆಗಿರಲಿಲ್ಲ. ಕೊನೆಗೆ ಮೂರೇ ರೈಲುಗಳಿಂದ, 25 ನಿಮಿಷಕ್ಕೊಂದರಂತೆ ಸಂಚಾರ ಆರಂಭಿಸಿ, ಹೊಸ ರೈಲು ಬಂದಂತೆಲ್ಲ ಕಾಯುವ ಹೊತ್ತನ್ನು ತಗ್ಗಿಸಲಾಯಿತು. ಗುರಿ ಕದಲಲಿಲ್ಲ, ಅಳತೆ ಮಾತ್ರ ಕಿಲೋಮೀಟರಿನಿಂದ ನಿಮಿಷಕ್ಕೆ ಬಂದಿತು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ತಂತ್ರಜ್ಞರು ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದಾಗಲೂ, ಬಳಸುವವನ ಕೈಯಲ್ಲಿ ನಡೆಯುವ ತಂತ್ರಾಂಶವನ್ನೇ ಪ್ರಗತಿಯ ಮುಖ್ಯ ಅಳತೆಯೆಂದು ಎಣಿಸಿದ್ದರು. ಇಂಟೆಲ್ ಸಂಸ್ಥೆಯಲ್ಲಿ ಗುರಿ-ಫಲಿತಾಂಶಗಳ ಪದ್ಧತಿಯನ್ನು ರೂಢಿಸಿದ ಆಂಡಿ ಗ್ರೋವ್ ಕೂಡ ಅದನ್ನು ನೌಕರನ ಮೌಲ್ಯಮಾಪನಕ್ಕೆ ಏಕೈಕ ಆಧಾರವಾಗಿಸಬಾರದೆಂದೇ ಬರೆದಿದ್ದರು. ಈ ಎಚ್ಚರಿಕೆಯನ್ನು ಓದಿದವರು ಕಡಿಮೆಯೆಂದು ತೋರುತ್ತದೆ! ತಂಡವು ಕೆಲಸದ ಭಾರವನ್ನು ತನಗಾಗಿ ಅಂದಾಜಿಸಿಕೊಳ್ಳುವ ‘ಸ್ಟೋರಿ ಪಾಯಿಂಟ್’ ಸಂಬಳ ಪರಿಷ್ಕರಣೆಯ ಮೇಜಿಗೆ ಹೋದೊಡನೆ, ಮೂರರ ಕೆಲಸಕ್ಕೆ ಐದೆಂದು ಬರೆಯುವುದು ಮೊದಲಾಗುತ್ತದೆ. ಪಕ್ಕದವನಿಗೆ ನೆರವಾದ ಅರ್ಧ ದಿನ ಯಾವ ಲೆಕ್ಕಕ್ಕೂ ಸೇರದು. ನೌಕರರನ್ನು ಮೊದಲೇ ಗೊತ್ತುಪಡಿಸಿದ ಪ್ರಮಾಣದಲ್ಲಿ ಮೇಲು, ನಡು, ಕೆಳಗು ಎಂದು ಹಂಚುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ, ಇನ್ಫೋಸಿಸ್ 2015ರಲ್ಲಿ ಕೈಬಿಟ್ಟವು.

ಅಳತೆಯೇ ಇಲ್ಲದಿದ್ದರೆ ಸೋಮಾರಿಗೆ ಸುಗ್ಗಿ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಶರಣರೂ ಅಳತೆಯನ್ನು ಬಿಟ್ಟವರಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂಬುದು ಶರಣಪರಂಪರೆ ಇಂದಿಗೂ ನೆನೆಯುವ ಪ್ರಸಂಗ. ಇಂದಿನ ಕಚೇರಿಯಲ್ಲಾಗಿದ್ದರೆ ಅಂದು ಮಾರಯ್ಯನಿಗೆ ಪ್ರಶಸ್ತಿ ದೊರೆಯುತ್ತಿತ್ತು. ಮರುದಿನದಿಂದ ಅದೇ ಆತನ ಕನಿಷ್ಠ ಗುರಿಯೂ ಆಗುತ್ತಿತ್ತು. ಲಕ್ಕಮ್ಮನ ಬಳಿ ಇದ್ದ ಅಳತೆ ಬೇರೆ: ಆ ದಿನದ ದಾಸೋಹಕ್ಕೆ ಎಷ್ಟು ಬೇಕೋ ಅಷ್ಟು. ಆಕೆ ಅಕ್ಕಿಯನ್ನು ಅಳೆದಳು. ಗಂಡನ ಗಂಟನ್ನು ಮತ್ತೊಬ್ಬ ಶರಣನ ಗಂಟಿನೊಡನೆ ಹೋಲಿಸಲು ಹೋಗಲಿಲ್ಲ.