ಕಾಗದದ ನಕ್ಷತ್ರಕ್ಕೆ ಕೂಲಿ ಎಷ್ಟು?

ಕೋಠಿಯ ಹಳೆಯ ಪುಸ್ತಕಗಳಿಂದ ಸುಲ್ತಾನ್ ಬಜಾರಿನ ಬಟ್ಟೆಯವರೆಗೆ ಚೌಕಾಸಿ ಮಾಡುವುದು ಹೈದರಾಬಾದ್ ಕನ್ನಡಿಗರಿಗೆ ರೂಢಿ. ಆದರೆ ಕೈಯಲ್ಲೇ ಮಾಡಿದ ಕ್ರಿಸ್‌ಮಸ್ ನಕ್ಷತ್ರ, ಉಡುಗೊರೆ ಡಬ್ಬಿಗಳ ಮುಂದೆಯೂ ಅದೇ ಚೌಕಾಸಿ ಸರಿಯಲ್ಲ. ಹಾಳೆ, ಗೋಂದು, ದಾರಕ್ಕೆ ಬಿಲ್ಲು ಇರುತ್ತದೆ. ಅಳತೆ ಹಾಕಿ, ಕತ್ತರಿಸಿ, ಮಡಿಸಿ, ಒಂದೊಂದೇ ಮೂಲೆ ಅಂಟಿಸಿ ಒಣಗುವವರೆಗೆ ಕಾದ ಗೃಹಿಣಿಯ ಹೊತ್ತಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ್ದನ್ನು ಗಿರಾಕಿ ಪುಕ್ಕಟೆ ಎಂದೇ ತಿಳಿಯುತ್ತಾನೆ.

ಕನ್ನಡಿಗರಿಗೆ ಈ ಕೆಲಸ ಹೊಸದೇನಲ್ಲ. ದೀಪಾವಳಿಗೆ ಬಿದಿರುಕಡ್ಡಿ, ಬಣ್ಣದ ಕಾಗದದಲ್ಲಿ ಉತ್ತರ ಕರ್ನಾಟಕದವರು ಆಕಾಶಬುಟ್ಟಿ, ಮಂಗಳೂರಿನವರು ಗೂಡುದೀಪ ಕಟ್ಟುತ್ತ ಬಂದವರೇ. ಜರ್ಮನಿಯ ಹೆಸರಾಂತ ಮೊರೇವಿಯನ್ ನಕ್ಷತ್ರವೂ 19ನೇ ಶತಮಾನದಲ್ಲಿ ಶಾಲೆಯೊಂದರ ಜ್ಯಾಮಿತಿ ಪಾಠದಿಂದ ಹುಟ್ಟಿದ್ದು. (ಗಣಿತದ ಮೇಷ್ಟ್ರುಗಳು ಗಮನಿಸಲಿ!)

2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್, ಸಿಹಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ದೇಶದಲ್ಲಿ ನಿಷಿದ್ಧ. ಕಾಗದದ ಕೈಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ? ಕೋಠಿಗೆ ಹತ್ತಿರದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಅಲ್ಲಾಗಲಿ, ಬೇರೆ ಸಂಘದಲ್ಲಾಗಲಿ, ಡಿಸೆಂಬರಿನಲ್ಲಿ ಸದಸ್ಯೆಯರಿಗೆ ಒಂದು ಮೇಜು ಹಾಕಿಕೊಡಲಿ. ಬೆಲೆಚೀಟಿಯಲ್ಲಿ ಸಾಮಗ್ರಿ ಇಷ್ಟು, ಕೂಲಿ ಇಷ್ಟು ಎಂದು ಬೇರೆಯಾಗಿಯೇ ಬರೆಸಲಿ. ಆಗ ಬೆಲೆ ಇಳಿಸಲು ಕೇಳುವವರು ಯಾವುದರಲ್ಲಿ ಇಳಿಸಬೇಕೆಂದು ಬೆರಳಿಟ್ಟು ತೋರಿಸಬೇಕಾಗುತ್ತದೆ.